ಕುರ್ತಿಯ ತೋಳು ಬಿಗಿಯಾದರೆ: ನನ್ನ ಅನುಭವ

ನನ್ನ ಭುಜ ಕಿರಿದು, ತೋಳು ದಪ್ಪ. ಶಿರಸಿ ಪೇಟೆಯಲ್ಲಿ ಎಂ ಸೈಜಿನ ಕುರ್ತಿ ಹಾಕಿ ನೋಡಿದರೆ ಕೈ ಎತ್ತಲಾಗದು. ಎಕ್ಸ್‌ಎಲ್ ಆದರೆ ಭುಜ ಜಾರುತ್ತದೆ. "ಅಕ್ಕಾ, ತೊಳೆದ್ಮೇಲೆ ಲೂಸ್ ಆಗ್ತದೆ" ಅಂತ ಅಂಗಡಿಯವರ ಸಮಾಧಾನ. ಹತ್ತಿ ಬಟ್ಟೆ ತೊಳೆದರೆ ಕುಗ್ಗುತ್ತದೆ ಮಾರಾಯ್ರೆ! ರೆಡಿಮೇಡ್ ಸೈಜು ಹೆಚ್ಚಾಗಿ ಎದೆಯ ಸುತ್ತಳತೆ ನೋಡಿ ಇಟ್ಟಿದ್ದು, ತೋಳನ್ನು ಕೇಳುವವರಿಲ್ಲ.

ಹೊಲಿಗೆ ಹುಚ್ಚು ಹತ್ತಿದ ಮೇಲೆ ದಾರಿ ಸಿಕ್ಕಿತು. ಭುಜ ಸರಿಯಾಗಿ ಕೂರುವ ಹಳೇ ಕುರ್ತಿಯ ತೋಳು ಬಿಚ್ಚಿ, ಪೇಪರಿನ ಮೇಲಿಟ್ಟು ಆಕಾರ ಬರೆದುಕೊಂಡೆ. ಅದರ ಮೇಲೆ ಎರಡು ಗೆರೆ: ತೋಳಿನ ನೆತ್ತಿಯಿಂದ (ಭುಜಕ್ಕೆ ಸೇರುವ ಬಾಗಿದ ಮೇಲ್ತುದಿ) ಕೆಳ ಅಂಚಿಗೆ ಉದ್ದಕ್ಕೆ ಒಂದು, ಕಂಕುಳಿನ ಈ ತುದಿಯಿಂದ ಆ ತುದಿಗೆ ಅಡ್ಡ ಒಂದು. ಎರಡನ್ನೂ ನಡುವಿನಿಂದ ಹೊರಕ್ಕೆ ಕತ್ತರಿಸಿ, ನಾಲ್ಕೂ ತುದಿಯಲ್ಲಿ ಕೂದಲೆಳೆಯಷ್ಟು ಕಾಗದ ಉಳಿಸಬೇಕು. ಈಗ ಅಗಲಕ್ಕೆ ಎಳೆದರೆ ಉದ್ದದ ಗೆರೆ ಬಾಯಿ ಬಿಡುತ್ತದೆ, ಅಡ್ಡಗೆರೆಯ ಕಡೆ ತುಂಡುಗಳು ಒಂದರ ಮೇಲೊಂದು ಏರುತ್ತವೆ. ಕಾಗದದ ಅಗಲ ನನ್ನ ತೋಳಿನ ಸುತ್ತಳತೆಗಿಂತ 2 ಇಂಚು ಜಾಸ್ತಿ ಆಗುವವರೆಗೆ ಎಳೆದು ಅಂಟಿಸಿದೆ, ಹೊಲಿಗೆಗೆ ಬಿಡುವ ಬಟ್ಟೆ ಬೇರೆ. ಮಜಾ ಏನೆಂದರೆ, ನೆತ್ತಿಯ ಬಾಗಿನ ಉದ್ದ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಾಗಾಗಿ ಭುಜದ ಅಳತೆ ಮುಟ್ಟುವ ಕೆಲಸವೇ ಇಲ್ಲ.

ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಅದೇ ದೊಡ್ಡ ಕೆಲಸ; ನಾನು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದೆ, ತುಸು ಹೊಗೆ ವಾಸನೆ ಬಂತು. ಇರಲಿ. ಗರಿಗರಿ ಹತ್ತಿಯಲ್ಲಿ ಕತ್ತರಿ ಕರಕರ ಓಡುವ ಸದ್ದಿಗೆ ಟ್ರಯಲ್ ರೂಮಿನ ಸಿಟ್ಟೆಲ್ಲ ಇಳಿಯಿತು. ಕುತ್ತಿಗೆಯ ಪಟ್ಟಿ ಮಾತ್ರ ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿ, ನೇರ ಕತ್ತರಿಸಿದರೆ ಬಾಗಿನಲ್ಲಿ ಸುಕ್ಕು ಬರುತ್ತದೆ.