ಮಗುವಿನ ಬೊಜ್ಜಿಗೆ ಜೀನ್ ಕಾರಣವೇ? ಪತ್ತೆ ಹಚ್ಚುವ ಕ್ರಮ

ದಪ್ಪಗಿರುವ ಬಹುಪಾಲು ಮಕ್ಕಳಲ್ಲಿ ಒಂದೇ ಜೀನ್‌ನ ದೋಷ ಇರುವುದಿಲ್ಲ. ಎಲ್ಲರಿಗೂ ಜೀನ್ ಪರೀಕ್ಷೆ ಬೇಡ. 5 ವರ್ಷಕ್ಕೆ ಮೊದಲೇ ತೂಕ ವಿಪರೀತ ಏರಿ, ಜೊತೆಗೆ ತಣಿಯದ ಹಸಿವೂ ಇದ್ದರೆ (ಉಂಡ ಕೂಡಲೇ ಮತ್ತೆ ಕೇಳುವುದು, ರಾತ್ರಿ ಎದ್ದು ಡಬ್ಬಿ ತಡಕುವುದು) ಮುಂದುವರಿಯಿರಿ.

ಮೊದಲು ತಾಯಿ ಕಾರ್ಡ್, ಆಸ್ಪತ್ರೆ ಚೀಟಿಗಳಿಂದ ಹುಟ್ಟಿನಿಂದೀಚಿನ ತೂಕ, ಎತ್ತರ ಬರೆದುಕೊಳ್ಳಿ. ಎತ್ತರವನ್ನು ಮರೆಯಬೇಡಿ. ಮೈ ತುಂಬಿದರೂ ಎತ್ತರ ನಿಂತುಬಿಟ್ಟಿದ್ದರೆ ಥೈರಾಯ್ಡ್, ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ಮೊದಲು ನೋಡಿಸಬೇಕು. ಹಸಿವನ್ನು ಹತೋಟಿಯಲ್ಲಿಡುವ ಎಂಸಿ4ಆರ್ ಜೀನ್‌ನ ದೋಷ ಇರುವ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರ.

ಶೈಶವದಲ್ಲಿ ಮೈ ಸಡಿಲವಾಗಿ, ಹಾಲು ಚೀಪಲೂ ಆಗದೆ, ಆಮೇಲೆ ಅತಿ ಹಸಿವು ಶುರುವಾದರೆ ಪ್ರಾಡರ್-ವಿಲಿ ಸಿಂಡ್ರೋಮ್ ಇರಬಹುದು. ಇದಕ್ಕೆ 15ನೇ ಕ್ರೋಮೊಸೋಮ್‌ನ ಮಿಥೈಲೇಶನ್ ಪರೀಕ್ಷೆಯನ್ನೇ (ಜೀನ್ ಕೆಲಸ ಮಾಡುತ್ತಿದೆಯೇ, ಮೌನವಾಗಿದೆಯೇ ಎಂದು ತೋರುವುದು) ಕೇಳಿ. ಬರೀ ಜೀನ್ ಪ್ಯಾನೆಲ್ (ಹಲವು ಜೀನ್‌ಗಳ ಒಟ್ಟು ಪರೀಕ್ಷೆ) ಮಾಡಿಸಿ 'ನಾರ್ಮಲ್' ಎಂದು ಸುಮ್ಮನಾಗುವುದು ದೊಡ್ಡ ತಪ್ಪು: ಆ ಕ್ರೋಮೊಸೋಮ್‌ನಲ್ಲಿ ತಂದೆಯಿಂದ ಬರುವ ತುಣುಕು ಇಲ್ಲದಿರುವುದು ಅಥವಾ ಮೌನವಾಗಿರುವುದು ಅದರಲ್ಲಿ ಕಾಣದೆ ಹೋಗಬಹುದು.

ಆರನೇ ಬೆರಳು, ಇರುಳುಗುರುಡು ಇದ್ದರೆ ಬಾರ್ಡೆ-ಬೀಡಲ್ ಸಿಂಡ್ರೋಮ್ ಇರಬಹುದು. ಕಣ್ಣು, ಮೂತ್ರಪಿಂಡ ಎರಡನ್ನೂ ತೋರಿಸಿ.

ಸೋದರಮಾವ, ಅತ್ತೆ ಮಗನಂಥ ಸಂಬಂಧದಲ್ಲಿ ಮದುವೆಯಾಗಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಹಸಿವು ತಗ್ಗಿಸುವ ಹಾರ್ಮೋನಾದ ಲೆಪ್ಟಿನ್‌ನ ಕೊರತೆ ಬರುವುದು ತಂದೆ, ತಾಯಿ ಇಬ್ಬರಿಂದಲೂ ಜೀನ್‌ನ ದೋಷದ ಪ್ರತಿ ಸಿಕ್ಕಾಗ. ಇದು ಬಲು ಅಪರೂಪ, ಆದರೆ ಪತ್ತೆಯಾದರೆ ದಿನವೂ ಕೊಡುವ ಮೆಟ್ರೆಲೆಪ್ಟಿನ್ ಚುಚ್ಚುಮದ್ದು ಹಸಿವನ್ನು ನಿಜಕ್ಕೂ ತಗ್ಗಿಸುತ್ತದೆ.

ವರದಿ ಬರುವವರೆಗೂ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿ, ಊಟದ ಹೊತ್ತು ನಿಗದಿ ಮಾಡಿ. ಮಗುವನ್ನು 'ಹೊಟ್ಟೆಬಾಕ' ಎನ್ನಬೇಡಿ. ಆ ಹಸಿವು ಹಟವಲ್ಲ.