ಪಾಲಿಮರ್ ಮೇಲೆ ಪ್ರೋಟೀನ್ ಅಚ್ಚು: ಓಝೋನ್ ಎಷ್ಟು ಹೊತ್ತು?

ಜೀವಕೋಶಗಳು ನಾವು ಹೇಳಿದ ಜಾಗದಲ್ಲೇ, ಹೇಳಿದ ಆಕಾರದಲ್ಲೇ ಕೂರಬೇಕಾದರೆ ಅವಕ್ಕೆ ಹಿಡಿದುಕೊಳ್ಳಲು ಬೇಕಾದ ಪ್ರೋಟೀನನ್ನು ಮೊದಲು ಅಲ್ಲಿ ಅಚ್ಚೊತ್ತಬೇಕು. ನಾನು ಬಳಸುವುದು ಮೈಕ್ರೊಕಾಂಟ್ಯಾಕ್ಟ್ ಪ್ರಿಂಟಿಂಗ್. 1993ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಚಿನ್ನದ ಪದರದ ಮೇಲೆ ಮಾಡಿ ತೋರಿಸಿದ ವಿಧಾನ ಇದು. ತತ್ವದಲ್ಲಿ ಕಚೇರಿಯ ರಬ್ಬರ್ ಸೀಲೇ.

ಸ್ಟ್ಯಾಂಪ್ ತಯಾರಿಯಲ್ಲಿ ಗುಟ್ಟೇನಿಲ್ಲ. ಸಿಲ್ಗಾರ್ಡ್ 184 ಎಂಬ ದ್ರವ ಸಿಲಿಕೋನ್ ರಬ್ಬರಿನ ಎರಡು ಭಾಗಗಳನ್ನು ತೂಕದಲ್ಲಿ 10:1ರಂತೆ ಕಲಸಿ, ಗುಳ್ಳೆ ತೆಗೆದು, ಗೆರೆಗಳ ವಿನ್ಯಾಸವಿರುವ ಸಿಲಿಕಾನ್ ಎರಕದಚ್ಚಿನ ಮೇಲೆ ಸುರಿದು 65 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಪಿಡಿಎಂಎಸ್ (ಈ ಸಿಲಿಕೋನ್ ರಬ್ಬರ್ ಪಾಲಿಮರಿನ ಹೆಸರು) ಗಟ್ಟಿಯಾಗಿರುತ್ತದೆ.

ತಲೆನೋವಿರುವುದು ಅಚ್ಚು ಬೀಳುವ ಮೇಲ್ಮೈಯಲ್ಲಿ. ನನ್ನ ಕೆಲಸದಲ್ಲಿ ಅದೂ ಪಿಡಿಎಂಎಸ್ಸೇ, ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಮೇಲೆ ತೆಳುವಾಗಿ ಬಳಿದದ್ದು. ನೀರು ಅದಕ್ಕೆ ಅಂಟುವುದಿಲ್ಲ, ಸಂಪರ್ಕ ಕೋನ (ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ; ಹೆಚ್ಚಿದ್ದಷ್ಟೂ ನೀರೊಲ್ಲದ ಮೇಲ್ಮೈ) ಸುಮಾರು 110 ಡಿಗ್ರಿ. ಸ್ಟ್ಯಾಂಪಿನಿಂದ ಪ್ರೋಟೀನ್ ಬಿಟ್ಟು ಬರಬೇಕಾದರೆ ಈ ಮೇಲ್ಮೈ ಸ್ಟ್ಯಾಂಪಿಗಿಂತ ಹೆಚ್ಚು ನೀರು ಹಿಡಿಯುವಂತಿರಬೇಕು. ಆದರೆ ನಡುವೆ ಉಳಿದ ಖಾಲಿ ಜಾಗ ಜೀವಕೋಶ ಅಂಟದಂತೆ ಮುಚ್ಚಲು ಹಾಕುವ ಪ್ಲುರಾನಿಕ್ ಎಫ್-127 ಎಂಬ ಪಾಲಿಮರಿಗೆ ಬೇಕಾದದ್ದು ನೀರೊಲ್ಲದ ಮೇಲ್ಮೈ! ಎರಡನ್ನೂ ಒಪ್ಪಿಸುವುದು ಅರೆಬರೆ ಬದಲಾವಣೆಯೊಂದೇ. ಆಮ್ಲಜನಕ ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನುಗೊಳಿಸಿದ ಅನಿಲ) ಇದಕ್ಕೆ ತೀರಾ ಜೋರು. ನೇರಳಾತೀತ ದೀಪದಿಂದ ಓಝೋನ್ ಹುಟ್ಟಿಸಿ ಮೇಲ್ಮೈ ಬದಲಿಸುವ ಯುವಿ-ಓಝೋನ್ ನಿಧಾನ, ಹಿಡಿತಕ್ಕೆ ಸಿಗುತ್ತದೆ. ಕೆಲವೇ ನಿಮಿಷ ಕೊಡುತ್ತೇನೆ. ದೀಪ ಹಳತಾದಂತೆ ಸಮಯ ಬದಲಾಗುವುದರಿಂದ ಆಗಾಗ ಬಿಡಿ ತುಂಡೊಂದರ ಮೇಲೆ ನೀರಿನ ಹನಿ ಇಟ್ಟು ನೋಡುವುದುಂಟು.

ಸ್ಟ್ಯಾಂಪಿನ ಮೇಲೆ ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಫೈಬ್ರೊನೆಕ್ಟಿನ್ (ಜೀವಕೋಶಗಳು ಹಿಡಿದುಕೊಳ್ಳುವ ಪ್ರೋಟೀನ್) ಇರುವ ದ್ರಾವಣ ಒಂದು ಗಂಟೆ ನಿಲ್ಲಬೇಕು. ಕಣ್ಣಿಗೆ ಕಾಣಲೆಂದು ಹೊಳೆಯುವ ಬಣ್ಣ ಕಟ್ಟಿದ ಫೈಬ್ರಿನೋಜೆನ್ ಎಂಬ ಇನ್ನೊಂದು ಪ್ರೋಟೀನನ್ನು ಚೂರು ಬೆರೆಸಿರುತ್ತೇನೆ. ತೊಳೆದು ನೈಟ್ರೋಜನ್ ಊದುವಾಗ ಸ್ಟ್ಯಾಂಪನ್ನು ಓರೆಯಾಗಿ ಹಿಡಿಯಿರಿ: ಒದ್ದೆ ಇರುವಾಗ ಮಂಕಾಗಿದ್ದ ಗೆರೆಗಳಲ್ಲಿ ಕಾಮನಬಿಲ್ಲಿನ ಬಣ್ಣ ಮರಳಿದರೆ ಒಣಗಿತೆಂದು ಅರ್ಥ. ತಡಮಾಡದೆ ಅದನ್ನು ಕವರ್‌ಸ್ಲಿಪ್ ಮೇಲೆ ಒಂದು ಅಂಚಿನಿಂದ ಇಳಿಸಿ, ಚಿಮಟದಿಂದ ಮೆಲ್ಲನೆ ತಟ್ಟಿದರೆ ಸಾಕು. ಒತ್ತಿದರೆ ಗೆರೆಗಳ ನಡುವಿನ ಭಾಗ ಕುಸಿದು ಅಲ್ಲೂ ಪ್ರೋಟೀನ್ ಮೆತ್ತಿಕೊಳ್ಳುತ್ತದೆ. ಐದು ನಿಮಿಷ ಬಿಟ್ಟು ಎತ್ತಿ, 0.2% ಪ್ಲುರಾನಿಕ್‌ನಲ್ಲಿ ಒಂದು ಗಂಟೆ ಮುಳುಗಿಸಿ ತೊಳೆಯುವುದು. ಅಲ್ಲಿಂದ ಮುಂದೆ ಒಣಗಲು ಬಿಡಬಾರದು.

ಅಚ್ಚು ಕೆಟ್ಟರೆ ಹಲವರು ಮೊದಲು ಪ್ರೋಟೀನಿನ ಮೇಲೆ ಅನುಮಾನಪಡುತ್ತಾರೆ. ನಾನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತೇನೆ. ಗೆರೆಗಳೇ ತುಂಡುತುಂಡಾಗಿದ್ದರೆ ಓಝೋನ್ ಸಾಲದಾಗಿದೆ. ಗೆರೆ ಚೊಕ್ಕವಾಗಿದ್ದೂ ಜೀವಕೋಶಗಳು ಕಂಡಲ್ಲೆಲ್ಲ ಹರಡಿದ್ದರೆ ಓಝೋನ್ ಹೆಚ್ಚಾಗಿ ಪ್ಲುರಾನಿಕ್ ನಿಂತಿಲ್ಲ. ಮುಂದಿನ ಸಲ ಒಂದು ನಿಮಿಷ ಇಳಿಸುತ್ತೇನೆ.