ನುಡಿ ಕಡತದಿಂದ ಅಚ್ಚಿನ ಪುಟದವರೆಗೆ: ಹಸ್ತಪ್ರತಿ ಅಣಿಮಾಡುವ ಬಗೆ

ಕನ್ನಡ ಪುಸ್ತಕದ ಪುಟ ಹೆಚ್ಚಾಗಿ ಕೆಡುವುದು ಪುಟವಿನ್ಯಾಸದಲ್ಲಿ ಅಲ್ಲ, ಅದಕ್ಕೂ ಮೊದಲೇ. ಒಂದು ಪ್ಯಾರಾವನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಕನ್ನಡವೇ ಕಂಡರೆ ಪಠ್ಯ ಯುನಿಕೋಡ್‌ನಲ್ಲಿದೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿದೆ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟು, ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಪರಿವರ್ತಿಸಲೇಬೇಕು.

ಮೂಲ ಕಡತ ಮುಟ್ಟದೆ ಅದರ ಒಂದು ನಕಲಿನಲ್ಲಿ ಪರಿವರ್ತಿಸಿ. ಪಠ್ಯದ ನಡುವೆ ಬಂದ ಇಂಗ್ಲಿಷ್ ಪದಗಳನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ. ಪರಿವರ್ತಕಕ್ಕೆ ಅವೂ ನುಡಿ ಅಕ್ಷರಗಳೇ, ಹಾಗಾಗಿ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಆಮೇಲೆ ಹುಡುಕಬೇಕಾದ ತಪ್ಪುಗಳು ಮೂರು. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿರುತ್ತದೆ. ನಡುವಿನ ಕಾಣದ ಅಕ್ಷರ ಬಿದ್ದುಹೋಗಿರುತ್ತದೆ. ‘ರ್‍ಯಾಂಕ್’ ಅರ್ಕಾವತ್ತಿಗೆ ತಿರುಗಿ ‘ರ್ಯಾಂಕ್’ ಆಗಿರುತ್ತದೆ. ಇನ್ನೊಂದು ಕಣ್ಣಿಗೇ ಬೀಳದ್ದು: ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ. ‘ಬ೦ದ’ ಮತ್ತು ‘ಬಂದ’ ನೋಡಲು ಒಂದೇ, ಆದರೆ ಹುಡುಕಿದರೆ ಸಿಗುವುದಿಲ್ಲ. ಇದನ್ನು ಒಂದೇ ಏಟಿಗೆ ಬದಲಿಸಬೇಡಿ. ‘೨೦೦೫’ರಂಥ ಇಸವಿಗಳೂ ಹಾಳಾಗುತ್ತವೆ.

ಇಷ್ಟಾದ ಮೇಲೆ ಸ್ಟೈಲ್, ಅಂದರೆ ಫಾಂಟ್, ಗಾತ್ರ, ಅಂತರಗಳನ್ನು ಒಂದೇ ಹೆಸರಿನಲ್ಲಿ ಉಳಿಸಿಟ್ಟ ಜೋಡಣೆ. ಅಧ್ಯಾಯದ ಶೀರ್ಷಿಕೆ, ಉಪಶೀರ್ಷಿಕೆ, ಪ್ಯಾರಾ, ಪದ್ಯ, ಅಡಿಟಿಪ್ಪಣಿ, ಒಂದೊಂದಕ್ಕೂ ಬೇರೆ ಸ್ಟೈಲ್ ಇರಲಿ. ಸ್ಪೇಸ್ ಒತ್ತಿ ಪ್ಯಾರಾ ಒಳಸರಿಸುವುದು, ಎಂಟರ್ ಒತ್ತಿ ಹೊಸ ಪುಟಕ್ಕೆ ಹೋಗುವುದು ಬೇಡ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಬೇರೆ ವಿಭಾಗಕ್ಕೆ ಸೇರುತ್ತದೆ. ಮೇಲಿನ ವೆಸ್ಟರ್ನ್ ವಿಭಾಗದಲ್ಲಿ ಗಾತ್ರ ಎಷ್ಟು ಬದಲಿಸಿದರೂ ಕನ್ನಡ ಕದಲದೆ ಇರುವುದು ಇದಕ್ಕೇ.

ಕಥೆ, ಕಾದಂಬರಿ, ಪ್ರಬಂಧಗಳಿಗೆ ಡೆಮಿ 1/8, ಅಂದರೆ 5.5 × 8.5 ಇಂಚು, ಒಗ್ಗುವ ಅಳತೆ. ಬೈಂಡಿಂಗ್ ಕಡೆಯ ಅಂಚು 0.8 ಇಂಚು, ಹೊರಗೆ 0.6, ಮೇಲೆ 0.7, ಕೆಳಗೆ 0.75 ಬಿಡಿ. ಒಳ ಅಂಚು ಕಡಿಮೆಯಾದರೆ ದಪ್ಪ ಪುಸ್ತಕದಲ್ಲಿ ಸಾಲಿನ ಕೊನೆ ಬೆನ್ನಿನೊಳಗೆ ಮುಳುಗುತ್ತದೆ.

ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 17 ಇರಲಿ. ಈಗ ಹೇಳಿದ ಅಂಚುಗಳಿಗೆ ಪುಟಕ್ಕೆ 29 ಸಾಲು ಹಿಡಿಯುತ್ತದೆ. ಇಂಗ್ಲಿಷ್ ಪುಸ್ತಕದ ಲೆಕ್ಕದಲ್ಲಿ 14 ಕೊಟ್ಟರೆ ‘ರಾಷ್ಟ್ರ’, ‘ಸ್ತ್ರೀ’ಗಳ ಒತ್ತು ಕೆಳಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ. ಫಾಂಟ್ ಯಾವುದೇ ಇರಲಿ, ಇಂಥ ಪದಗಳಿರುವ ಒಂದು ಪುಟ ಮುದ್ರಿಸಿ ನೋಡಿಯೇ ತೀರ್ಮಾನಿಸಿ.

ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಫಾಂಟನ್ನು ದೂರಬೇಡಿ. ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿದರೆ ಕೂಡಿಕೊಳ್ಳುತ್ತದೆ. ಕನ್ನಡದ ಪದಗಳು ಉದ್ದ. ಎರಡೂ ಬದಿ ಸಮ ಮಾಡಿದಾಗ ನಡುವೆ ಬಿರುಕು ಕಾಣುವುದು ಸಹಜ. ಆಗ ಅಡ್ಡಗೆರೆ ಟೈಪಿಸಿ ಪದ ಮುರಿಯಬೇಡಿ. ನಾಳೆ ಒಂದು ಪದ ಸೇರಿಸಿದರೆ ಸಾಲು ಸರಿದು ‘ಹೋಗು-ತ್ತಾನೆ’ ಸಾಲಿನ ನಡುವೆ ಉಳಿದುಬಿಡುತ್ತದೆ. ಬೇಕಿದ್ದರೆ ಸಾಲಿನ ಕೊನೆಯಲ್ಲಿ ಮಾತ್ರ ಕಾಣುವ ಡಿಸ್ಕ್ರಿಷನರಿ ಹೈಫನ್ ಹಾಕಿ.

ಶೀರ್ಷಿಕೆ ಪುಟದ ಹಿಂದೆ ಇಂಪ್ರಿಂಟ್: ಕೃತಿಯ ವಿವರ (ಇಂಗ್ಲಿಷ್‌ನಲ್ಲೂ ಒಂದು ಸಾಲು), ಹಕ್ಕು, ಮುದ್ರಣದ ವರ್ಷ, ಪ್ರತಿಗಳು, ಪುಟ, ಬೆಲೆ, ಕಾಗದ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ). ಭಾರತದಲ್ಲಿ ಐಎಸ್‌ಬಿಎನ್ ಕೊಡುವುದು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ, ಶುಲ್ಕವಿಲ್ಲ. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ಬೇಕು.

ಒಟ್ಟು ಪುಟಗಳನ್ನು 16ರಿಂದ ಭಾಗಿಸಿ ನೋಡಿ, ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಾದ ಫಾರಂ ಲೆಕ್ಕ ಅದೇ. 195 ಪುಟ ಬಂದರೆ ಮೂರು ಪುಟ ಕುಗ್ಗಿಸಿ 192ಕ್ಕೆ, ಅಂದರೆ 12 ಫಾರಂಗೆ ನಿಲ್ಲಿಸುವುದು ಜಾಣತನ. ಪರಿವಿಡಿಯ ಪುಟಸಂಖ್ಯೆ ತುಂಬುವುದು ಇದಾದ ಮೇಲೆಯೇ. ಮುಖಪುಟದ ಬೆನ್ನಿನ ಅಗಲ ಊಹಿಸಬೇಡಿ. ಮುದ್ರಕರ ಹತ್ತಿರ ಅದೇ ಕಾಗದದ 96 ಹಾಳೆ (192 ಪುಟಕ್ಕೆ ಅಷ್ಟೇ) ಜೋಡಿಸಿ ಅಳೆಯಿರಿ.

ಮುದ್ರಕರಿಗೆ ಪಿಡಿಎಫ್ ಮಾತ್ರ ಕೊಡಿ, ವರ್ಡ್ ಕಡತ ಬೇಡ. ಕೊಡುವ ಮುನ್ನ ಅಕ್ರೊಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿ, ಫಾಂಟ್ಸ್ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ‘ಎಂಬೆಡೆಡ್’ (ಫಾಂಟ್ ಕಡತದೊಳಗೇ ಸೇರಿದೆ) ಎಂದಿದೆಯೇ ನೋಡಿ.